ಜ್ವರ ಮರಳಿದರೆ ಮಾತ್ರೆ ಬಿಟ್ಟು ಊರಿಗೆ ಹೊರಡಬೇಡಿ

ಎಚ್‌ಐವಿ ಜತೆ ಕ್ಷಯವೂ ಇದ್ದವರಿಗೆ ಕಾಯಿಲೆಯಷ್ಟೇ ಅಪಾಯ ತರುವುದು ಗುಟ್ಟು. ಮುಂಬೈಯಲ್ಲಿ ಫಾರ್ಮಸಿಸ್ಟ್ ಆಗಿರುವ ನಾನು ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಹೋಟೆಲು, ಕಟ್ಟಡ ಕೆಲಸ, ಡ್ರೈವಿಂಗ್ ಎಂದು ಬಂದ ನಮ್ಮವರಲ್ಲಿ ಕೆಲವರು ಕ್ಷಯದ ಔಷಧವನ್ನು ಒಂದೆಡೆ, ಎಆರ್‌ಟಿ ಮಾತ್ರೆಯನ್ನು ಇನ್ನೊಂದೆಡೆ ಪಡೆಯುತ್ತಾರೆ. ಇಲ್ಲಿಯದನ್ನು ಅಲ್ಲಿ ಹೇಳುವುದಿಲ್ಲ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಎಆರ್‌ಟಿಯಲ್ಲಿರುವ ಡೊಲುಟೆಗ್ರಾವಿರ್ ಪ್ರಮಾಣವನ್ನು ರಕ್ತದಲ್ಲಿ ಇಳಿಸಿಬಿಡುತ್ತದೆ. ಅದಕ್ಕೇ ದಿನಕ್ಕೊಂದು 50 ಮಿ.ಗ್ರಾಂ. ಸಾಲದೆ, 12 ಗಂಟೆ ಬಿಟ್ಟು ಇನ್ನೊಂದು 50 ಮಿ.ಗ್ರಾಂ. ಕೊಡಬೇಕಾಗುತ್ತದೆ. ಕ್ಷಯದ ಔಷಧ ನಡೆಯುತ್ತಿದೆ ಎಂದೇ ತಿಳಿಯದ ವೈದ್ಯರು ಅದನ್ನು ಬರೆಯುವುದು ಹೇಗೆ?

ಇನ್ನೊಂದು ತೊಡಕೂ ಇದೆ. ಎಆರ್‌ಟಿ ಶುರುವಾದ ಕೆಲವೇ ವಾರಗಳಲ್ಲಿ, ಇಳಿದಿದ್ದ ಜ್ವರ ಮತ್ತೆ ಏರಬಹುದು, ಕುತ್ತಿಗೆಯ ಗಂಟು ಊದಬಹುದು, ಉಸಿರಾಟ ಕಷ್ಟವಾಗಬಹುದು. ಕುಗ್ಗಿದ್ದ ರೋಗನಿರೋಧಕ ಶಕ್ತಿ ಚೇತರಿಸಿಕೊಂಡು ಕ್ಷಯದ ರೋಗಾಣುಗಳ ಮೇಲೆ ಒಮ್ಮೆಲೇ ಮುಗಿಬೀಳುವುದರಿಂದ ಹೀಗಾಗುತ್ತದೆ. ವೈದ್ಯರು ಇದನ್ನು ‘ಐರಿಸ್’ ಎನ್ನುತ್ತಾರೆ. ಸಿಡಿ4 ಎಣಿಕೆ ತೀರಾ ಕಡಿಮೆಯಿದ್ದವರಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ಎರಡೂ ಔಷಧಗಳನ್ನು ಮುಂದುವರಿಸಿ, ಬೇಕಾದರೆ ಸ್ಟಿರಾಯ್ಡ್ ಕೊಡುತ್ತಾರೆ. ಹಾಗೆಂದು ಎಲ್ಲ ಜ್ವರವೂ ಐರಿಸ್ ಅಲ್ಲ. ಔಷಧಕ್ಕೆ ಬಗ್ಗದ ಕ್ಷಯ ಇರಬಹುದು, ಬೇರೆ ಸೋಂಕೂ ಇರಬಹುದು. ಪರೀಕ್ಷೆ ಆಗಲೇಬೇಕು. ತೀವ್ರ ತಲೆನೋವು, ವಾಂತಿ, ಮಂಪರು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಆದರೆ ನಮ್ಮಲ್ಲಿ ಆಗುವುದೇ ಬೇರೆ. ‘ಮಾತ್ರೆ ಒಗ್ಗಲಿಲ್ಲ’ ಎಂದು ಎಲ್ಲ ಬಿಟ್ಟು ರೈಲು ಹತ್ತುತ್ತಾರೆ. ಗುಣವಾಗುತ್ತಿದ್ದ ಕಾಯಿಲೆ ಊರು ಸೇರುವಷ್ಟರಲ್ಲಿ ಕೈಮೀರುತ್ತದೆ.

ಇದಕ್ಕೆ ರೋಗಿಯನ್ನಷ್ಟೇ ದೂರುವುದು ನನಗೆ ಸರಿ ಕಾಣುವುದಿಲ್ಲ. ವಿಷಯ ತಿಳಿದರೆ ರೂಮಿನಿಂದ ಹೊರಗೆ, ರಜೆ ಕೇಳಿದರೆ ಕೆಲಸದಿಂದ ಹೊರಗೆ ಎಂಬ ಭಯ ಹುಟ್ಟಿಸಿದವರು ನಾವೇ. ಎಚ್‌ಐವಿ ಇದೆಯೆಂದು ತಾರತಮ್ಯ ಮಾಡುವುದನ್ನು, ಒಪ್ಪಿಗೆಯಿಲ್ಲದೆ ಅದನ್ನು ಬಹಿರಂಗಪಡಿಸುವುದನ್ನು 2017ರ ಕಾಯ್ದೆ ತಡೆಯುತ್ತದೆ. ಇದು ನಮ್ಮ ಎಷ್ಟು ಮಾಲೀಕರಿಗೆ ಗೊತ್ತು?

ಊರಿಗೆ ಹೋಗಲೇಬೇಕಾದರೆ ಎರಡೂ ಚಿಕಿತ್ಸೆಗಳನ್ನು ಅಲ್ಲಿನ ಕೇಂದ್ರಗಳಿಗೆ ವರ್ಗಾಯಿಸಿಕೊಳ್ಳಬಹುದು. ಹೊರಡುವ ಮೊದಲೇ ಕೇಳಿ, ಕಾಗದಪತ್ರ ಮತ್ತು ದಾರಿಗೆ ಸಾಲುವಷ್ಟು ಮಾತ್ರೆ ಜತೆಗಿಟ್ಟುಕೊಳ್ಳಿ. ಮಾಹಿತಿಗೆ ಉಚಿತ ಸಹಾಯವಾಣಿ 1097 ಇದೆ. ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟುವ ನಮ್ಮ ಕನ್ನಡ ಸಂಘಗಳು ಇಷ್ಟನ್ನು ವರ್ಷಕ್ಕೊಮ್ಮೆ ಮೈಕಿನಲ್ಲಿ ಕನ್ನಡದಲ್ಲಿ ಹೇಳಲಿ. ಕೇಳಿಸಿಕೊಳ್ಳಬೇಕಾದವರು ಕೊನೆಯ ಸಾಲಿನಲ್ಲಿ ಕುಳಿತಿರುತ್ತಾರೆ.