ಬೆಲ್ಟ್ ಹಾಕಿದರಷ್ಟೇ ಆ ನಕ್ಷತ್ರಗಳು

ಎದುರಿನಿಂದ ಡಿಕ್ಕಿಯಾದಾಗ ಕಾರಿನಲ್ಲಿರುವವರನ್ನು ಕಾಯುವುದು ಮೂರು: ನಜ್ಜುಗುಜ್ಜಾಗಿ ಹೊಡೆತವನ್ನು ಹೀರಿಕೊಳ್ಳುವ ಮುಂಭಾಗ, ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್. ಇವು ಹೊಂದಿಕೊಂಡು ಕೆಲಸ ಮಾಡುತ್ತವೆಯೇ ಎಂದು ಒರೆಗೆ ಹಚ್ಚುವುದೇ ಕ್ರ್ಯಾಶ್ ಟೆಸ್ಟ್.

2023ರ ಅಕ್ಟೋಬರ್ 1ರಂದು ಜಾರಿಗೆ ಬಂದ, ಕಾರುಗಳ ಸುರಕ್ಷತೆಗೆ ನಕ್ಷತ್ರಗಳನ್ನು ಕೊಡುವ ಕ್ರ್ಯಾಶ್ ಟೆಸ್ಟ್ ವ್ಯವಸ್ಥೆಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಗುದ್ದಿಸುತ್ತಾರೆ. ಮುಂಭಾಗದ ಶೇ 40ರಷ್ಟು ಅಗಲ ಮಾತ್ರ ಗೋಡೆಗೆ ತಾಗುತ್ತದೆ. ಮುಂದಿನ ಸೀಟುಗಳಲ್ಲಿ ಬೆಲ್ಟ್ ಬಿಗಿದ ಗೊಂಬೆಗಳಿರುತ್ತವೆ. ಅವುಗಳ ತಲೆ, ಕುತ್ತಿಗೆ, ಎದೆ, ತೊಡೆಗಳಲ್ಲಿರುವ ಸೆನ್ಸರ್‌ಗಳು ಪೆಟ್ಟನ್ನು ಅಳೆಯುತ್ತವೆ.

ಎಲ್ಲ ಮುಗಿಯುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ. ಮೊದಲು ಪ್ರಿಟೆನ್ಷನರ್ ಬೆಲ್ಟಿನ ಸಡಿಲವನ್ನು ಸರಕ್ಕನೆ ಎಳೆದು ಬಿಗಿಯುತ್ತದೆ. ಆ ಹೊತ್ತಿಗೆ ಏರ್‌ಬ್ಯಾಗ್ ಉಬ್ಬಿರುತ್ತದೆ. ಪಕ್ಕೆಲುಬು ಮುರಿಯದಂತೆ ಲೋಡ್ ಲಿಮಿಟರ್ ಬೆಲ್ಟನ್ನು ತುಸು ಬಿಟ್ಟುಕೊಡುತ್ತದೆ. ಬೆಲ್ಟ್ ಇಲ್ಲದವರು ಮುಂದಕ್ಕೆ ಮುಗ್ಗರಿಸಿರುವಾಗ ಅದೇ ಏರ್‌ಬ್ಯಾಗ್ ಸ್ಫೋಟದ ವೇಗದಲ್ಲಿ ಮುಖಕ್ಕೆ ಬಡಿಯಬಹುದು.

ಈ ಪರೀಕ್ಷೆಯ ವೇಗವನ್ನು ಬೆಂಗಳೂರು–ಮೈಸೂರು ದಶಪಥದ ವೇಗದೊಂದಿಗೆ ಹೋಲಿಸಿ ನೋಡಬೇಕು. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟನೆಯಾದ ಈ ರಸ್ತೆಯಲ್ಲಿ ಕಾರಿನ ವೇಗಮಿತಿ 100 ಕಿ.ಮೀ. ಅಂದರೆ ಡಿಕ್ಕಿಯ ಶಕ್ತಿ ಪರೀಕ್ಷೆಯಲ್ಲಿದ್ದುದರ ಹೆಚ್ಚುಕಡಿಮೆ ಎರಡೂವರೆ ಪಟ್ಟು. ಐದು ನಕ್ಷತ್ರದ ಕಾರಿಗೂ ಆ ವೇಗದ ಡಿಕ್ಕಿಯಲ್ಲಿ ಖಾತರಿಯಿಲ್ಲ.

ಇನ್ನೊಂದು ಕೊರತೆ ಹಿಂದಿನ ಸೀಟಿನದು. ಈ ಪರೀಕ್ಷೆ ಶುರುವಾದಾಗ ಮುಂಭಾಗದ ಡಿಕ್ಕಿಗೆ ಹಿಂದೆ ಕೂರಿಸಿದ್ದು ಮಕ್ಕಳ ಗೊಂಬೆಗಳನ್ನು ಮಾತ್ರ. ಮಳವಳ್ಳಿಯಿಂದಲೋ ಮದ್ದೂರಿನಿಂದಲೋ ಮದುವೆಗೆ ಹೊರಟ ಕಾರಿನಲ್ಲಿ ಹಿಂದೆ ಕೂರುವವರು ನಾಲ್ವರು, ಇರುವ ಬೆಲ್ಟ್ ಮೂರು. ಅವೂ ಸೀಟಿನ ಸಂದಿಯಲ್ಲೇ ಉಳಿದಿರುತ್ತವೆ. ಡಿಕ್ಕಿಯಾದರೆ ಅವರು ಮುಂದಿನ ಸೀಟಿಗೆ ಅಪ್ಪಳಿಸಿ, ಬೆಲ್ಟ್ ಹಾಕಿ ಕೂತವರನ್ನೂ ಹಿಂದಿನಿಂದ ಜಜ್ಜುತ್ತಾರೆ. ಹಿಂದಿನವರೂ ಬೆಲ್ಟ್ ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138(3) ಹೇಳುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ಅದರ ನೆನಪಾಯಿತು.

ಬೆಲ್ಟ್ ಹಾಕದಿದ್ದಾಗ ಬರುವ ಎಚ್ಚರಿಕೆಯ ಸದ್ದನ್ನು ಅಡಗಿಸುವ ನಕಲಿ ಕ್ಲಿಪ್‌ಗಳನ್ನು ಆನ್‌ಲೈನ್ ಮಾರಾಟದಿಂದ ತೆಗೆಯುವಂತೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮೇನಲ್ಲಿ ಆದೇಶಿಸಿತು. ಅಂಥ ಕ್ಲಿಪ್ ಸಿಕ್ಕಿಸಿದ ಕಾರು ಪರೀಕ್ಷೆಯಲ್ಲಿ ಗೆದ್ದ ಕಾರಲ್ಲ. ದಶಪಥದಲ್ಲಿ ಹಿಂದಿನ ಸೀಟಿನ ಬೆಲ್ಟನ್ನೂ ತಪಾಸಣೆ ಮಾಡಬೇಕು. ಷೋರೂಮ್‌ಗಳು ನಕ್ಷತ್ರದ ಜೊತೆಗೆ ಪರೀಕ್ಷೆಯ ವೇಗವನ್ನೂ ಹೇಳಬೇಕು.