ಆ ಹುಡುಗ ಹೇಳದೇ ಉಳಿದ ಮಾತು

ರೋಬೋಗಳು ಹೊಡೆದಾಡೋ ಆನಿಮೆ ನೋಡಿ ಯಾರಾದ್ರೂ ಅಳ್ತಾರಾ? ಅಳ್ತಾರೆ. 1989ರಲ್ಲಿ ಜಪಾನಿನಲ್ಲಿ ಬಂದ ‘ಗಂಡಮ್ 0080: ವಾರ್ ಇನ್ ದ ಪಾಕೆಟ್’ ನೋಡಿ. ಬರೀ 6 ಕಂತು. ಮುಂದೆ ಕತೆಯ ಕೊನೆ ಹೇಳ್ತಿದ್ದೀನಿ, ನೋಡದವರು ನೋಡಿಯೇ ಬನ್ನಿ.

ಶಾಲಾ ಹುಡುಗ ಆಲ್‌ಗೆ ಯುದ್ಧ ಅಂದ್ರೆ ಆಟ. ಜಿಯಾನ್ ಸೈನಿಕ ಬರ್ನಿ ಅವನಿಗೆ ಅಣ್ಣನಂತಾಗ್ತಾನೆ. ಪಕ್ಕದ ಮನೆಯ ಕ್ರಿಸ್‌ಗೂ ಬರ್ನಿ ಇಷ್ಟ. ಆದರೆ ಬರ್ನಿ ನಾಶ ಮಾಡಬೇಕಾದ ಗಂಡಮ್ ಯಂತ್ರದ ಪೈಲಟ್ ಅವಳೇ. ಅದು ಇಬ್ಬರಿಗೂ ಗೊತ್ತಿಲ್ಲ.

ಗಂಡಮ್ ಉಳಿದರೆ ಊರಿನ ಮೇಲೇ ಅಣುಬಾಂಬ್. ಓಡಿಹೋಗಬಹುದಿದ್ದ ಬರ್ನಿ, ಊರು ಉಳಿಸೋಕೆ ಅಂತ ವಾಪಸ್ ಬರ್ತಾನೆ. ಬಾಂಬ್ ತರ್ತಿದ್ದ ಹಡಗು ಆಗಲೇ ಸಿಕ್ಕಿಬಿದ್ದಿದೆ ಅಂತ ಆಲ್‌ಗೆ ತಿಳಿಯುತ್ತೆ. ಇನ್ನು ಹೋರಾಟವೇ ಬೇಕಿಲ್ಲ! ತಡೆಯೋಕೆ ಓಡ್ತಾನೆ, ಕಿರುಚ್ತಾನೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಬರ್ನಿ ಇಲ್ಲ. ಗಂಡಮ್‌ನೊಳಗಿಂದ ಗಾಯಗೊಂಡ ಕ್ರಿಸ್‌ಳನ್ನು ಹೊರತೆಗೀತಾರೆ.

ಪೈಲಟ್‌ನ ದ್ವೇಷಿಸಬೇಡ ಅಂತ ಬರ್ನಿ ಮೊದಲೇ ವಿಡಿಯೊ ಮಾಡಿಟ್ಟಿರ್ತಾನೆ. ಯಾರ ಬಗ್ಗೆ ಹೇಳ್ತಿದ್ದೀನಿ ಅನ್ನೋದು ಅವನಿಗೂ ಗೊತ್ತಿರಲಿಲ್ಲ.

ನನಗೆ ಸಾವಿಗಿಂತ ಹೆಚ್ಚು ನೋವು ಕೊಟ್ಟಿದ್ದು ಆಮೇಲಿನದು. ಊರು ಬಿಡುವಾಗ ಕ್ರಿಸ್, ಬರ್ನಿಗೆ ನನ್ನ ಪರವಾಗಿ ವಿದಾಯ ಹೇಳು ಅಂತಾಳೆ. ಆಲ್ ಸತ್ಯ ನುಂಗ್ಕೊಂಡು ಹೂಂ ಅಂತಾನೆ. ಇಷ್ಟು ದೊಡ್ಡ ಗುಟ್ಟು ಅಷ್ಟು ಚಿಕ್ಕ ಎದೆಯಲ್ಲಿ.

ಶಾಲೆಯ ಸಭೆಯಲ್ಲಿ ಅವನು ಅಳ್ತಾನೆ. ಯುದ್ಧ ಮುಗೀತಲ್ಲ ಅಂತ ಬೇಜಾರೇನೋ ಅಂದ್ಕೊಂಡ ಗೆಳೆಯರು, ‘ಬೇಗ ಇನ್ನೊಂದು ಯುದ್ಧ ಬರುತ್ತೆ ಬಿಡೋ’ ಅನ್ನೋ ಥರ ಸಮಾಧಾನ ಮಾಡ್ತಾರೆ.

ಮೊದಲ ಕಂತಿನಲ್ಲಾಗಿದ್ರೆ ಆ ಮಾತನ್ನ ಆಲ್‌ನೇ ಹೇಳ್ತಿದ್ದ.