ಪಾತ್ರೆಯಲ್ಲಡಗಿದ ಬೆಂಕಿ

ತಿಂಗಳ ವಿದ್ಯುತ್ ಬಿಲ್ಲು ಬಂದ ದಿನ ನಮ್ಮ ಮನೆಗಳಲ್ಲಿ ಸಣ್ಣದೊಂದು ವಿಚಾರಣೆ ನಡೆಯುವುದುಂಟು. ಫ್ಯಾನು ಆರಿಸದೆ ಹೋದವರಾರು, ದೀಪ ಮರೆತವರಾರು ಎಂದು. ಆದರೆ ಆ ಬಿಲ್ಲಿನಲ್ಲಿ ಎಂದೂ ಕಾಣದ ಖರ್ಚೊಂದು ಅಡುಗೆಮನೆಯಲ್ಲಿಯೇ ಕುಳಿತಿದೆ. ಅದೇ ಅಲ್ಯುಮಿನಿಯಂ ಪಾತ್ರೆ.

ಬಾಕ್ಸೈಟ್ ಅದಿರಿನಿಂದ ಮೊದಲು ಅಲ್ಯುಮಿನಾ ಎಂಬ ಬಿಳಿಯ ಪುಡಿಯನ್ನು ತೆಗೆಯುತ್ತಾರೆ. ನಮ್ಮ ಬೆಳಗಾವಿಯಲ್ಲಿ ನಡೆಯುವುದು ಈ ಕೆಲಸ. ಆ ಪುಡಿಯಿಂದ ಒಂದು ಕಿಲೋ ಲೋಹ ಪಡೆಯಲು ಸುಮಾರು 15 ಯೂನಿಟ್ ವಿದ್ಯುತ್ತು ಬೇಕು. 10 ವಾಟಿನ ದೀಪವೊಂದನ್ನು ದಿನಕ್ಕೆ 5 ಗಂಟೆಯಂತೆ 300 ದಿನ ಉರಿಸಬಹುದಾದಷ್ಟು!

ಐಸ್‌ಲೆಂಡಿನಲ್ಲಿ ಬಾಕ್ಸೈಟ್ ಇಲ್ಲ. ಆದರೂ 1969ರಿಂದ ಅಲ್ಲಿ ಅಲ್ಯುಮಿನಿಯಂ ತಯಾರಾಗುತ್ತಿದೆ. ಪುಡಿ ಹಡಗಿನಲ್ಲಿ ಬರುತ್ತದೆ, ಲೋಹ ಹಡಗಿನಲ್ಲಿ ಹೋಗುತ್ತದೆ. ಆ ದೇಶ ಮಾರುವುದು ವಾಸ್ತವವಾಗಿ ತನ್ನ ಜಲಪಾತಗಳ ಮತ್ತು ನೆಲದೊಳಗಿನ ಬಿಸಿಯ ಶಕ್ತಿಯನ್ನು.

ನಮ್ಮ ಒಡಿಶಾದ ಅಂಗುಲ್, ಝಾರ್ಸುಗುಡ, ಛತ್ತೀಸ್‌ಗಢದ ಕೋರ್ಬಾಗಳಲ್ಲಿ ಇದೇ ಲೋಹಕ್ಕೆ ಕಲ್ಲಿದ್ದಲನ್ನು ಸುಡುತ್ತಾರೆ. ಕಿಲೋ ಲೋಹಕ್ಕೆ ಹತ್ತು ಕಿಲೋದ ಆಸುಪಾಸು. ಲೋಹದ ದೊಡ್ಡ ಪಾಲು ಪರದೇಶಕ್ಕೆ ಹೋಗುತ್ತದೆ. ಹೊಗೆ, ಬೂದಿ ಇಲ್ಲಿಯೇ ಉಳಿಯುತ್ತವೆ. ವಿಶ್ವಸಂಸ್ಥೆಗೆ ರಾಷ್ಟ್ರಗಳು ಒಪ್ಪಿಸುವ ಲೆಕ್ಕದಲ್ಲಿ ಹೊಗೆಯು ಸುಟ್ಟವನ ಹೆಸರಿಗೆ ಬೀಳುತ್ತದೆಯೇ ಹೊರತು ಬಳಸಿದವನ ಹೆಸರಿಗಲ್ಲ.

ಪರಸ್ಥಳದಲ್ಲಿ ದುಡಿಯುವ ನಮಗೆ ಇದು ಹೊಸ ಮಾತೇನಲ್ಲ. ಊರಿಗೆ ಕಳುಹಿಸಿದ ಹಣದಲ್ಲಿ ಸೂರು ಏಳುತ್ತದೆ. ಲೋಕಲ್ ರೈಲಿನಲ್ಲಿ ನಿಂತು ಸವೆದ ಕಾಲುಗಳ ಲೆಕ್ಕ ಆ ಗೋಡೆಯ ಮೇಲೆ ಬರೆದಿರುವುದಿಲ್ಲ.

ಹಾಗೆಂದು ನಾವು ಬರೀ ಸಾಲ ಕೊಟ್ಟವರೆಂದು ಬೀಗುವಂತಿಲ್ಲ. ಮಕ್ಕಳ ಕೈಯಲ್ಲಿರುವ ಫೋನಿನ ಬಿಡಿಭಾಗಗಳಲ್ಲಿ ಚೀನದ ಕಲ್ಲಿದ್ದಲೂ ಅಡಗಿದೆ. ಅದರ ಹೊಗೆ ನಮ್ಮ ಲೆಕ್ಕದಲ್ಲಿಲ್ಲ. ಕೊಟ್ಟಿದ್ದನ್ನು ನೆನೆಯುವವರು ಕೊಂಡಿದ್ದನ್ನೂ ನೆನೆಯಬೇಕಷ್ಟೆ. ಮಾಡಿದವರೂ ಬಳಸಿದವರೂ ಹೊಣೆಯನ್ನು ಹಂಚಿಕೊಳ್ಳುವುದೇ ನ್ಯಾಯವೆಂದು ನಮ್ಮ ಅಭಿಪ್ರಾಯ.

ರಾಷ್ಟ್ರಗಳ ಲೆಕ್ಕ ಸರಿಹೋಗುವ ತನಕ ಗೃಹಿಣಿಯರೂ ಗೃಹಸ್ಥರೂ ಮಾಡಬಹುದಾದುದೊಂದಿದೆ. ಹಳೆಯ ಅಲ್ಯುಮಿನಿಯಂ ಕರಗಿಸಿ ಹೊಸದು ಮಾಡಲು ಮೊದಲಿನ ಶಕ್ತಿಯ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಆದ್ದರಿಂದ ತಳ ಸವೆದ ಪಾತ್ರೆಯನ್ನು ಕಸದ ಡಬ್ಬಿಗೆ ಎಸೆಯದೆ ಗುಜರಿಯವನಿಗೆ ಕೊಡೋಣ. ಅವನು ಕೊಡುವ ಕಾಸು ಅಲ್ಪವಿರಬಹುದು. ಆ ಪಾತ್ರೆಯಲ್ಲಿ ಅಡಗಿದ ಬೆಂಕಿ ಅಲ್ಪವಲ್ಲ.